ಏಳನೇ ಬೆರಳು

"ಈಗ ಲೈನ್ ತೆಗೀರಿ ಸರ್," ಎಂದು ರೂಪಶ್ರೀ ಲೈನ್‌ಮನ್‌ಗೆ ಫೋನಿನಲ್ಲಿ ಹೇಳಿದ್ದೇ ತಡ, ಗುತ್ತೂರಿನ ಭೀಮವ್ವನ ಹಿಟ್ಟಿನ ಗಿರಣಿ ನಿಂತುಹೋಯಿತು. ಒಂದು ಲೈನ್ ಹೋದರೆ ಇನ್ನೊಂದರಿಂದ ತಾನಾಗಿಯೇ ಕರೆಂಟ್ ಬರುವ ವ್ಯವಸ್ಥೆ ರೂಪಶ್ರೀಯ ಮೂರು ವರ್ಷದ ಸಂಶೋಧನೆ. ದಾವಣಗೆರೆಯ ಲ್ಯಾಬಿನಲ್ಲಿ ಅದು ಗೆದ್ದಿತ್ತು. ಊರಿನ ಕಂಬದ ಮೇಲೆ ಇದೇ ಮೊದಲ ಪರೀಕ್ಷೆ.

"ಹತ್ತು ಎಣಿಸ್ರಿ ಅವ್ವಾ, ಬರ್ತೈತೆ," ಎಂದಳು. 

"ಹತ್ತು ತಾಸು ಕಾದೋಳು ನಾನು," ಎಂದು ಗೊಣಗುತ್ತಲೇ ಭೀಮವ್ವ ಒಂದೊಂದೇ ಬೆರಳು ಮಡಿಸತೊಡಗಿದಳು. ಐದಾಯಿತು, ಆರಾಯಿತು. ರೂಪಶ್ರೀ ಗಿರಣಿಯ ಬಲ್ಬಿನತ್ತಲೇ ನೋಡುತ್ತಿದ್ದಳು. ಏಳನೇ ಬೆರಳು ಮಡಿಸುವಷ್ಟರಲ್ಲಿ ಬಲ್ಬು ಝಗ್ಗನೆ ಹೊತ್ತಿತು.

ಭೀಮವ್ವ ಬಾಗಿಲಿಗೆ ಓಡಿ ಓಣಿಯವರನ್ನೆಲ್ಲ ಕೂಗಿ ಕರೆದಳು. ಆಮೇಲೆ ರೂಪಶ್ರೀಯತ್ತ ತಿರುಗಿ, "ಏ ತಂಗಿ, ಇನ್ನೊಂದ್ಸಲ ಕರೆಂಟ್ ತೆಗಸವ್ವ, ಇವರೂ ನೋಡ್ಲಿ!" ಎಂದಳು.