ಬಜೆ ತೇಯ್ದ ಕೈ

“ಏ ಕಾಂತೀ, ಬಜಿ ಕಿತ್ತಿಟ್ಟೀ ಏನು? ಕಲ್ಲಿನ ಮ್ಯಾಲ ಇಟ್ಟು ಹಿಂದ ಸರಿ.”

ಮೋರಿಯ ಆಚೆ ದಂಡೆಯಲ್ಲಿ ನಿಂತು ಕೂಗಿದವರು ಮೇಲಿನ ಓಣಿಯ ಜಾನಕಿಬಾಯಿ. ಅವರ ಹಿಂದೆ ಸೊಸೆ ಅಂಬೂಬಾಯಿ, ಸೊಸೆಯ ಸೊಂಟದ ಮೇಲೆ ಮೊಮ್ಮಗ. ಎರಡು ವರ್ಷ ತುಂಬುತ್ತ ಬಂದರೂ ಕೂಸು ಇನ್ನೂ ‘ಅವ್ವ’ ಎಂದಿರಲಿಲ್ಲ. ನಾಲಿಗೆ ಹೊರಳಬೇಕಾದರೆ ಬಜೆಯ ಬೇರು ತೇಯ್ದು ಹಚ್ಚಬೇಕು. ಹಸಿ ಬಜೆ ಬೇಕಾದರೆ ಭಾಲ್ಕಿಯ ಎಂಥ ದೊಡ್ಡ ಮನೆತನದವರೂ ಕೆಳಗಿನ ಓಣಿಗೆ ಇಳಿದು ಬರಬೇಕು. ಆ ಓಣಿಯ ಕಾಂತಾಬಾಯಿ ಬೇರನ್ನು ಕಲ್ಲಿನ ಮೇಲಿಟ್ಟು ದೂರ ಸರಿಯುವುದು, ಬಂದವರು ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಂಡು ಹೋಗುವುದು, ಇದು ಅವಳ ಅತ್ತೆಯ ಕಾಲದಿಂದ ನಡೆದುಬಂದ ರಿವಾಜು.

ಮೇಲಿನ ಓಣಿಯವರು ಬಲು ಮಡಿವಂತರು. ಅವರ ಬಚ್ಚಲ ನೀರಿಗೆ ಮಾತ್ರ ಮಡಿ ಗೊತ್ತಿಲ್ಲ, ಇಳಿಜಾರು ಸಿಕ್ಕ ಕಡೆ ಹರಿದು ಬರುತ್ತದೆ. ಒಂದು ಕಾಲಕ್ಕೆ ಆ ಗಲೀಜೆಲ್ಲ ಕೆಳಗಿನ ಓಣಿಯ ಬಾವಿಯ ಪಕ್ಕದಲ್ಲೇ ನಿಂತು ನಾರುತ್ತಿತ್ತು. ಕಾಂತಾಬಾಯಿಯ ಅತ್ತೆ ಸುಭದ್ರಾಬಾಯಿ ತನ್ನ ತವರು ಹಲಬರ್ಗಾದ ಹಳ್ಳದಿಂದ ಬಜೆಯ ಗಡ್ಡೆ ಕಿತ್ತು ತಂದು ಮೋರಿಯ ಬಾಯಿಗೆ ಸಾಲಾಗಿ ಊರಿದಳು. ಕೆಸರು ಸಿಕ್ಕಿದ್ದೇ ತಡ, ಉದ್ದನೆಯ ಎಲೆಗಳು ಎದೆಮಟ್ಟ ಎದ್ದವು. ಈ ಕಡೆ ಕಪ್ಪಗೆ ಹೊಕ್ಕ ನೀರು ಆ ಕಡೆ ತಿಳಿಯಾಗಿ ಹೊರಟಿತು. ನಾತ ಹೋಯಿತು, ಬಾವಿ ಉಳಿಯಿತು. ಅತ್ತೆ ಸತ್ತ ಮೇಲೆ ಬಜೆಯ ಮಡುವನ್ನು ಕಾಂತಾಬಾಯಿ ಕೂಸಿನಂತೆ ಜೋಪಾನ ಮಾಡಿಕೊಂಡು ಬಂದಿದ್ದಳು.

ಇವತ್ತೂ ಬೇರು ಕಿತ್ತು, ಮಣ್ಣು ತೊಳೆದು, ಸಿಪ್ಪೆ ಹೆರೆದು ಇಟ್ಟಿದ್ದಳು. ಆದರೆ ಕಲ್ಲಿನ ಕಡೆ ಹೋಗಲಿಲ್ಲ. ಹೋದ ತಿಂಗಳಷ್ಟೇ ಗಂಡ ಗೋರಖನಾಥನ ಜೊತೆ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದಳು. ಇನ್ನು ಯಾರ ಮುಂದೆಯೂ ತಲೆ ತಗ್ಗಿಸಬಾರದು ಎಂದು ಅವತ್ತೇ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಬೇರನ್ನು ಅಂಗೈಯಲ್ಲಿ ಹಿಡಿದು ಕೈ ಮುಂದೆ ಚಾಚಿದಳು.

“ಕೈಯಾಗಿಂದ ತಗೊಳ್ರಿ ಬಾಯಿಯೋರ. ಕಲ್ಲಿನ ಮ್ಯಾಲ ಇಡೂದು ಬಿಟ್ಟೇನಿ.”

ಜಾನಕಿಬಾಯಿಯ ಮುಖ ಕೆಂಡವಾಯಿತು. “ಹೋದ ವಾರ ತಹಸೀಲ ಕಚೇರಿ ಮುಂದ, ಭಾಲ್ಕಿ ಮೈಸೂರು ರಾಜ್ಯಕ್ಕ ಸೇರಿತಂತ ಹಂಚಿದ ಪೇಡೆ ತಿಂದಿ, ತಲಿ ತಿರಗ್ಯಾದೇನು? ರಾಜ್ಯ ಬದಲಾತಂದ್ರ ರಿವಾಜ ಬದಲಾಗ್ತದೇನು? ಹೊಟ್ಟಿಗಿ ಹಿಟ್ಟಿಲ್ಲಂದ್ರೂ ಜುಟ್ಟಿಗಿ ಮಲ್ಲಿಗಿ ಹೂವಂತ! ನಾಳಿಂದ ನಮ್ಮ ಹೊಲದಾಗ ಕಾಲಿಡಬ್ಯಾಡ. ನೀನೂ ಬ್ಯಾಡ, ನಿನ್ನ ಗಂಡನೂ ಬ್ಯಾಡ.”

ಆ ಹೊಲದ ಕೂಲಿಯಿಂದಲೇ ಕಾಂತಾಬಾಯಿಯ ಮನೆಯ ಒಲೆ ಉರಿಯುತ್ತಿತ್ತು. ಬೇರನ್ನು ಕಲ್ಲಿನ ಮೇಲೆ ಇಟ್ಟುಬಿಟ್ಟರೆ ಮುಗಿಯಿತು, ಎಲ್ಲ ಮೊದಲಿನಂತೆ. ಆದರೂ ಚಾಚಿದ ಕೈ ಹಿಂದಕ್ಕೆ ಬರಲಿಲ್ಲ.

“ಬ್ಯಾಡಂದ್ರ ಬರಂಗಿಲ್ರಿ. ಒಂದ್ ಮಾತ ಕೇಳ್ತೇನಿ. ನಿಮ್ಮ ಬಚ್ಚಲ ನೀರು ಇದೇ ಬಜಿ ಬುಡಕ್ಕ ಬರ್ತದ, ಅದಕ್ಕ ಮೈಲಿಗಿ ಇಲ್ಲ. ಇದೇ ಬಜಿ ನಿಮ್ಮ ಮೊಮ್ಮಗನ ನಾಲಿಗಿ ಮ್ಯಾಲ ಹೋಗ್ತದ, ಅದಕ್ಕೂ ಮೈಲಿಗಿ ಇಲ್ಲ. ನಡುವ ನನ್ನ ಕೈ ಒಂದೇ ಮೈಲಿಗಿ ಆತೇನ್ರಿ?”

ಉತ್ತರವಿಲ್ಲದವರಿಗೆ ಸಿಟ್ಟಾದರೂ ಇರುತ್ತದಲ್ಲ. “ಬಜಾರದಾಗ ಒಣಾ ಬಜಿ ಬೇಕಾದಷ್ಟು ಸಿಗ್ತದ. ನಡಿ ಅಂಬೂ!” ಎಂದು ಜಾನಕಿಬಾಯಿ ತಿರುಗಿದರು.

ಅಂಬೂಬಾಯಿ ಕದಲಲಿಲ್ಲ. ಮನೆಯಲ್ಲಿ ಅತ್ತೆಯ ಎದುರು ತುಟಿ ಪಿಟಕ್ಕೆನ್ನದ ಸೊಸೆ ಅವಳು. “ಬಜಾರದ್ದು ಹಚ್ಚಿ ಹಚ್ಚಿ ನೋಡೇವಲ್ರಿ ಅತ್ತಿ,” ಎಂದವಳೇ ಸೀರೆಯ ನೆರಿಗೆ ಎತ್ತಿ ಹಿಡಿದು ಮೋರಿ ದಾಟಿಬಿಟ್ಟಳು. ಕಾಂತಾಬಾಯಿಯ ಬಾಗಿಲ ಮುಂದೆ ನೆಲದ ಮೇಲೆ ಕುಳಿತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು.

“ನೀವೇ ತೇಯ್ದು ಹಚ್ಚಿಬಿಡ್ರಿ ಕಾಂತಾಬಾಯಿ.”

ಕೈಯಿಂದ ತೆಗೆದುಕೊಂಡರೆ ಸಾಕು ಎಂದುಕೊಂಡವಳು ಕಾಂತಾಬಾಯಿ. “ತೇಯಾಕ ನಮ್ಮ ಕೊಡದ ನೀರ ಹಾಕಬೇಕಾಗ್ತದ್ರಿ,” ಎಂದಳು ಮೆಲ್ಲಗೆ.

“ಹಾಕ್ರಿ. ಊರ ಹೊಲಸು ನೀರ ಸಾಫ ಮಾಡಿ ಕುಡಿಯೋರು ನೀವು. ನಿಮ್ಮ ನೀರಿಗೇನಾಗ್ಯಾದ?”

ಕಾಂತಾಬಾಯಿ ಸಾಣೆಕಲ್ಲು ತಂದಳು. ಕೊಡ ಬಗ್ಗಿಸಿ ಒಂದಿಷ್ಟು ನೀರು ಬಿಟ್ಟು ಬಜೆ ತೇಯತೊಡಗಿದಳು. ಘಾಟು ವಾಸನೆ ಬಾಗಿಲ ತುಂಬ ಹರಡಿತು. ಅತ್ತೆ ಇರಬೇಕಿತ್ತು ಎನಿಸಿತು. ಗಂಧವನ್ನು ಬೆರಳ ತುದಿಗೆ ತೆಗೆದುಕೊಂಡು ಕೂಸಿನ ನಾಲಿಗೆಗೆ ಹಚ್ಚಿದಳು. ಖಾರ, ಕಹಿ! ಕೂಸು ಮುಖ ಕಿವುಚಿ, ಎರಡೂ ಓಣಿಗೆ ಕೇಳುವಂತೆ ಚೀರಿತು.

“ಹಚ್ಚಿಸಿಕೊಂಡ್ಯಲ್ಲ!” ಆಚೆ ದಂಡೆಯಿಂದ ಜಾನಕಿಬಾಯಿ ಕಿರುಚಿದರು. “ಏನ್ ಮಾತಾಡ್ತಾನ ನಿನ್ನ ಮಗ, ನಾನೂ ನೋಡ್ತೇನಿ!”

ಕಾಂತಾಬಾಯಿ ಕೂಸಿನ ಜೊಲ್ಲನ್ನು ತನ್ನ ಸೆರಗಿನಿಂದ ಒರೆಸಿದಳು. ಅವಳು ದನಿ ಏರಿಸಲಿಲ್ಲ.

“ಏನ್ ಮಾತಾಡ್ತಾನೋ ಗೊತ್ತಿಲ್ರಿ ಬಾಯಿಯೋರ. ಖರೆ, ಅಂವ ನನ್ನ ಜೋಡಿ ಮಾತಾಡೂದಿದ್ರ ದಂಡಿ ಮ್ಯಾಲ ನಿಂತು ಒದರಂಗಿಲ್ಲ.”