ಬಟ್ಟೆ ರಟ್ಟಿನ ಪ್ರತಿ

ಊರ ವಾಚನಾಲಯದಿಂದಲೂ ತನ್ನ ಪುಸ್ತಕ ಮಾಯವಾಗಿದೆ ಎಂದು ತಿಳಿದ ದಿನ ಅಮಾತೆಪ್ಪ ಮಾಸ್ತರ ಖುಷಿ ತಡೆಯಲಾರದೆ ಹೋಟೆಲಿನಲ್ಲಿದ್ದವರಿಗೆಲ್ಲ ಚಹಾ ಹೇಳಿದ. ಕದ್ದು ಓದುತ್ತಿದ್ದಾರೆ! ಇಡೀ ಹುನಗುಂದದಲ್ಲಿ ಯಾವ ಲೇಖಕನಿಗೆ ಒದಗಿತ್ತು ಈ ಭಾಗ್ಯ?

ಪುಸ್ತಕದ ಹೆಸರು ‘ಎಮ್ಮೆಯ ಹಾಜರಿ’. ಸಾಲೆಗೆ ಹೆಸರು ಹಚ್ಚಿದ ಎಮ್ಮೆ, ತನ್ನ ಮದುವೆಗೆ ಹೋಗುವುದನ್ನೇ ಮರೆತ ವರ, ಕನ್ನಡಿಯೊಳಗಿಂದ ಬಾಡಿಗೆ ಕೇಳುವ ಮುದುಕ, ಇಂಥ ವಿಚಿತ್ರ ಪುಟ್ಟ ಕಥೆಗಳು. ಪ್ರಕಾಶಕರು ಯಾರೂ ಮೂಸಿ ನೋಡಲಿಲ್ಲ. ಎಪ್ಪತ್ತೆಂಟನೇ ಇಸವಿಯಲ್ಲಿ ಇಳಕಲ್ಲಿನ ಶಾಬುದ್ದೀನನ ಪ್ರೆಸ್ಸಿನಲ್ಲಿ, ಕಾಲಿನಿಂದ ತುಳಿಯುವ ಯಂತ್ರದಲ್ಲಿ, ಅಮಾತೆಪ್ಪ ತಾನೇ ಅಚ್ಚು ಹಾಕಿಸಿದ. ಮನೆಯಲ್ಲಿ ಕುಳಿತು ತಾನೇ ಹೊಲಿದ, ತಾನೇ ಅಂಟು ಹಚ್ಚಿದ. ಹೆಚ್ಚಿನ ಪ್ರತಿಗಳಿಗೆ ಬೂದು ಕಾಗದದ ಹೊದಿಕೆ. ಕೆಲವಕ್ಕೆ ಮಾತ್ರ ಇಳಕಲ್ ಸೀರೆಯ ಬಟ್ಟೆ. ಒಂದರ ಮೇಲೆ ಅಂಚಿನ ದಡಿ, ಇನ್ನೊಂದರ ಮೇಲೆ ಬರೀ ಒಡಲು; ಒಂದರಂತೆ ಇನ್ನೊಂದಿಲ್ಲ. ನೆಲದ ತುಂಬ ದಾರ, ಮೈದಾ ಅಂಟು. ಹೆಂಡತಿ ಸಂಗವ್ವ ತೀರಿಕೊಂಡು ವರ್ಷವಾಗಿತ್ತು, ಬೈಯುವವರು ಯಾರೂ ಇರಲಿಲ್ಲ.

ಬದುಕಿದ್ದಾಗ ಅವಳು ಒಲೆಯ ಮುಂದೆ ಕೂತು ಅವನ ಕಥೆ ಕೇಳುತ್ತಿದ್ದಳು, ಎಮ್ಮೆಯ ಕಥೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅದನ್ನು ಅಮಾತೆಪ್ಪ ಲೆಕ್ಕಕ್ಕೆ ಹಿಡಿದವನಲ್ಲ. ಅವನಿಗೆ ಬೇಕಾಗಿದ್ದದ್ದು ಓದುಗ. ಒಬ್ಬನೇ ಒಬ್ಬ, ನಿಜವಾದ ಓದುಗ.

ಬಿಡುಗಡೆಗೆ ಬಂದವರು ಚುರುಮುರಿ ತಿಂದು ಎದ್ದು ಹೋದರು. ತಿಂಗಳುಗಟ್ಟಲೆ ಪುಸ್ತಕಗಳು ಪ್ರೆಸ್ಸಿನಲ್ಲಿ ಧೂಳು ತಿಂದವು. ಆಮೇಲೆ ಶಾಬುದ್ದೀನ ಸುದ್ದಿ ತಂದ. ಕುಳಗೇರಿ ಕ್ರಾಸಿನ ಸೈಕಲ್ ಅಂಗಡಿ ಚಮನಸಾಬ ಯಾರಿಗೋ ಪುಸ್ತಕ ಒಯ್ಯುತ್ತಿದ್ದಾನಂತೆ, ಹೆಸರು ಮಾತ್ರ ಬಾಯಿ ಬಿಡುತ್ತಿಲ್ಲ.

“ಬಟ್ಟಿ ರಟ್ಟಿನವು ಅಷ್ಟ ಬೇಕಂತ್ರಿ ಸರ. ಕಾಗದದ್ದು ಕೊಟ್ರ ಹೊಳ್ಳಿ ಕಳಿಸ್ತಾರ. ಓದಾಕ ಅಂತನ ತೊಗೋತಾರೇನ್ರಿ?”

ಓದಲಿಕ್ಕಲ್ಲದೆ ಉಪ್ಪಿನಕಾಯಿ ಹಾಕಲಿಕ್ಕೇನೋ ಎಂದು ಅಮಾತೆಪ್ಪ ಅವನನ್ನು ದಬಾಯಿಸಿದ. ಕೈಯಿಂದ ಮಾಡಿದ ಪುಸ್ತಕದ ಬೆಲೆ ಬಲ್ಲ ರಸಿಕನಪ್ಪ ಇವನು, ಎಲ್ಲರಿಗೂ ಆ ಕಣ್ಣು ಇರುವುದಿಲ್ಲ ಎಂದ.

ಪ್ರೆಸ್ಸಿನವು ಮುಗಿದ ಮೇಲೆ ಪುಕ್ಕಟೆ ಹಂಚಿದ ಪ್ರತಿಗಳಿಗೂ ಕೈ ಬಿತ್ತು. ಬಾದಾಮಿಯ ಡಾಕ್ಟರರ ಹೆಂಡತಿ ತನ್ನ ಪ್ರತಿ ಕೊಟ್ಟು ಹೊಸ ಕುಪ್ಪಸದ ಖಣ ಪಡೆದಳಂತೆ. ಈಗ ವಾಚನಾಲಯದ್ದೂ ಹೋಯಿತು. ಇದು ಯಾರೋ ಧಾರವಾಡದ ಪ್ರೊಫೆಸರನದೇ ಕೆಲಸ, ಗುಟ್ಟಾಗಿ ದೊಡ್ಡ ಲೇಖನ ಬರೆಯುತ್ತಿದ್ದಾನೆ ಎಂದು ಅಮಾತೆಪ್ಪ ತೀರ್ಮಾನಿಸಿಬಿಟ್ಟ. ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯ ಮುಂದೆ ಸಂದರ್ಶನಕ್ಕೆ ಉತ್ತರ ಕೊಡತೊಡಗಿದ.

ಕೊನೆಗೆ ಚಮನಸಾಬನಿಂದ ಒಂದು ಮಾತು ಬಂತು. ಉಳಿದವೆಲ್ಲ ಸಿಕ್ಕಿವೆ, ಕೆಂಪು ಸೆರಗಿನ ತುಂಡು ಇರುವುದೊಂದು ಸಿಕ್ಕಿಲ್ಲ, ಅದೊಂದು ಕೊಟ್ಟರೆ ಮುಗಿಯಿತು.

ಅಮಾತೆಪ್ಪನ ಮೈ ಜುಮ್ಮೆಂದಿತು. ಆ ಪ್ರತಿ ಅವನ ಸ್ವಂತದ್ದು. ಪೆಟ್ಟಿಗೆಯಿಂದ ಹೊರಗೆ ಬಂದದ್ದೇ ಇಲ್ಲ, ಯಾರಿಗೂ ತೋರಿಸಿದ್ದಿಲ್ಲ. ಎಂಥ ಸೂಕ್ಷ್ಮ, ಎಂಥ ಸೂಕ್ಷ್ಮ ಓದುಗ! ಮೊದಲ ಹಾಳೆಯ ಮೇಲೆ ‘ನನ್ನ ನಿಜವಾದ ಓದುಗರಿಗೆ’ ಎಂದು ಬರೆದು, ಇಸ್ತ್ರಿ ಅಂಗಿ ತೊಟ್ಟು, ಮರುದಿನ ಬಸ್ಸು ಹತ್ತಿದ.

ಅವನನ್ನು ಕಂಡು ಚಮನಸಾಬ ಕೈಯೊಳಗಿನ ಚಕ್ರ ಕೆಳಗಿಟ್ಟ. ನೀವೇ ಬರುತ್ತೀರೆಂದು ತಿಳಿದಿರಲಿಲ್ಲ ಎಂದಷ್ಟೇ ಹೇಳಿ, ಮುಖ ನೋಡದೆ ಅಂಗಡಿಯ ಹಿಂದಿನ ಮನೆಗೆ ಕರೆದೊಯ್ದ. ಒಳಗೆ ಪುಸ್ತಕದ ಕಪಾಟಿರಲಿಲ್ಲ, ಕನ್ನಡಕದ ಪ್ರೊಫೆಸರನೂ ಇರಲಿಲ್ಲ. ಮೂಲೆಯಲ್ಲಿ ‘ಎಮ್ಮೆಯ ಹಾಜರಿ’ಗಳನ್ನು ಅಚ್ಚುಕಟ್ಟಾಗಿ ದಾರ ಕಟ್ಟಿ ಇಟ್ಟಿದ್ದರು. ಒಂದಕ್ಕೂ ರಟ್ಟಿರಲಿಲ್ಲ.

ಕಿಟಕಿಯ ಬೆಳಕಿಗೆ ಕೂತಿದ್ದ ಮುದುಕಿ ತಲೆ ಎತ್ತಲಿಲ್ಲ. ಕೈಯಲ್ಲಿ ಸೂಜಿ.

“ಬರ್ರಿ, ಅಳಿಯಂದ್ರ.”

ಶಿವಬಸವ್ವ. ಸಂಗವ್ವನ ತಾಯಿ. ಇಳಕಲ್ಲಿನ ಮಗ್ಗ ಮುಚ್ಚಿ ಎಲ್ಲಿಗೆ ಹೋದಳೆಂದು ಅವನು ಕೇಳಿದವನೇ ಅಲ್ಲ. ಮಗಳ ಮದುವೆಗೆ ತಾಯಿ ನೇಯ್ದ ಸೀರೆ, ಮಗಳು ಮಕ್ಕಳಿಲ್ಲದೆ ಸತ್ತರೆ, ತಾಯಿಗೇ ಮರಳಬೇಕು. ಅದು ಆ ಮನೆತನದ ರೂಢಿ. ಮಣ್ಣು ಮಾಡಿದ ವಾರದೊಳಗೆ ಬಂದು ಕೇಳಿದ್ದಳು.

“ಕೂಡಲಸಂಗಮದಾಗ ಹೊಳಿಗೆ ಬಿಟ್ಟೇನಿ ಅಂದ್ರಿ,” ಎಂದಳು. “ನಂಬಿದ್ದೆ. ಬಸ್ಸಿನ್ಯಾಗ ಒಬ್ಬರ ತೊಡಿ ಮ್ಯಾಲ ಪುಸ್ತಕ, ಅದರ ರಟ್ಟಿಗೆ ನಾ ನೇಯ್ದ ದಡಿ ಕಂಡೆ.”

ಅವಳ ಮಡಿಲಲ್ಲಿ ಸೀರೆಯಿತ್ತು. ಬಿಸಿನೀರಿನಲ್ಲಿ ಅಂಟು ಬಿಡಿಸಿ, ತುಂಡಿಗೆ ತುಂಡು ಕೂಡಿಸಿ ಹೊಲಿದ ಸೀರೆ. ಸೆರಗಿನಲ್ಲಿ ಒಂದು ಕಡೆ, ಪುಸ್ತಕದ ರಟ್ಟಿನಷ್ಟು ಅಗಲ, ಖಾಲಿ. ಅಮಾತೆಪ್ಪನ ಕೈಯೊಳಗಿನ ಪ್ರತಿಯನ್ನು ಅವಳೇ ತೆಗೆದುಕೊಂಡು, ರಟ್ಟು ಬಿಚ್ಚಿ, ಹಾಳೆಗಳ ಕಟ್ಟನ್ನು ಅವನಿಗೆ ಮರಳಿಸಿದಳು.

“ಉಳಿದವು ಮೂಲ್ಯಾಗ ಅದಾವ. ಒಂದ ಹಾಳಿನೂ ಹರಿದಿಲ್ಲ, ಎಲ್ಲಾ ತೊಗೊಂಡ ಹೋಗ್ರಿ.”