ಮೋರಿಗೆ ಇಳಿಬಿಟ್ಟ ದಾರ

ದಾರ ಎಳೆದಂತೆ ಮೊದಲು ವಾಸನೆ ಮೇಲೆ ಬಂತು, ಬಟ್ಟೆಯ ಗಂಟು ಆಮೇಲೆ. ಆರೋಗ್ಯ ಇಲಾಖೆಯ ಪರೀಕ್ಷಾಧಿಕಾರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಸಹಾಯಕಿ ಮೋರಿಯ ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಲೋಳೆ ಸೋರುವ ಗಂಟನ್ನು ಇಕ್ಕಳದಲ್ಲಿ ಹಿಡಿದು ಸೀಸೆಗೆ ಇಳಿಸಿದಳು. ಅದಕ್ಕಂಟಿದ್ದ ಉದ್ದನೆಯ ಕೂದಲೊಂದು ಅವಳ ಕೈಗವಸಿಗೆ ಸುತ್ತಿಕೊಂಡಿತು.

"ಥೂ," ಎಂದ ಅಧಿಕಾರಿ. "ಇದನ್ನ ಮುಟ್ಟಿದ ಮೇಲೂ ಊಟ ಸೇರುತ್ತೇನ್ರೀ ನಿಮಗೆ?"

"ಮಗು ಸಾಕಿದವರಿಗೆ ಇದೇನು ಮಹಾ ಸರ್."

ಮೂರು ದಿನ ಮೋರಿಯಲ್ಲಿ ತೂಗುವ ಬಟ್ಟೆ, ಹರಿದುಹೋಗುವ ಕ್ರಿಮಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಕ್ರಿಮಿ ಬೆಳೆಸುವ ಸಾರದ ನೀರಿನಲ್ಲಿ ನೆನೆಸಿ, ತಟ್ಟೆಗೆ ಹಚ್ಚಿ, ಕಾವುಪೆಟ್ಟಿಗೆಯಲ್ಲಿ ಎರಡು ದಿನ ಬೆಚ್ಚಗಿಟ್ಟರೆ, ಟೈಫಾಯಿಡ್ ಇದ್ದಲ್ಲಿ ಕಪ್ಪು ಚುಕ್ಕೆಗಳು ಏಳುತ್ತವೆ. ಜ್ವರ ವಾಸಿಯಾದರೂ ಕೆಲವರ ಹೊಟ್ಟೆಯಲ್ಲಿ ಆ ಕ್ರಿಮಿ ಸದ್ದಿಲ್ಲದೆ ಉಳಿದಿರುತ್ತದೆ. ಗುಂಡಿಯಿಂದ ಗುಂಡಿಗೆ ಹಿಂದೆ ಹಿಂದೆ ಹೋದರೆ ಅಂಥವರ ಬಾಗಿಲಿಗೇ ತಲುಪಬಹುದು.

ಪೇಟೆಯಲ್ಲಿ ಹನ್ನೊಂದು ಮಂದಿ ಜ್ವರದಿಂದ ಮಲಗಿದಾಗ ಇವರಿಬ್ಬರನ್ನು ಕಳಿಸಿದ್ದರು. ಮೊದಲು ಮಾರುಕಟ್ಟೆಯ ಕಾವಲು ಕೋಣೆಯಲ್ಲಿ ಪರೀಕ್ಷೆಯ ಸಾಮಾನು ಜೋಡಿಸಿದರು. ಅಲ್ಲಿನ ಗುಂಡಿ ಕಪ್ಪು ತೋರಿಸಿತು. ಇಲಿಗಳು ವೈರು ಕಡಿದ ಮೇಲೆ ಗಂಟುಮೂಟೆ ಕಟ್ಟಿ ಶಿಶುವಿಹಾರದ ಉಗ್ರಾಣಕ್ಕೆ ಬಂದರು. ಹನ್ನೊಂದು ಮಂದಿಯೂ ಎದ್ದು ಓಡಾಡಿದರು, ಹೊಸದಾಗಿ ಯಾರೂ ಮಲಗಲಿಲ್ಲ. ಮಾರುಕಟ್ಟೆಯ ಗುಂಡಿಯೂ ಶುದ್ಧವಾಯಿತು. ಆದರೆ ಈಗ, ಇಲ್ಲಿನ ಕಕ್ಕಸೊಂದೇ ಸೇರುವ ಶಿಶುವಿಹಾರದ ಗುಂಡಿ ಕಪ್ಪು.

ಅಧಿಕಾರಿಗೆ ಉತ್ತರ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಶಿಶುವಿಹಾರದ ಅಡುಗೆಯಾಕೆ ಹೋದ ತಿಂಗಳವರೆಗೂ ಮಾರುಕಟ್ಟೆಯ ಹೋಟೆಲಿನಲ್ಲಿದ್ದವಳು.

ಉಗ್ರಾಣವೂ ಅವನಿಗೆ ನರಕವೇ. ಗೋಡೆಯ ತೇವಕ್ಕೆ ಬೂಷ್ಟು ಹಿಡಿದಿತ್ತು. ಒಂದು ಬೆಳಿಗ್ಗೆ ಸಾರದ ಸೀಸೆಯಲ್ಲಿ ಜಿರಳೆ ಕಾಲು ಚಾಚಿ ತೇಲುತ್ತಿತ್ತು. ಕರೆಂಟ್ ಹೋದಾಗಲೆಲ್ಲ ಸಹಾಯಕಿ ಕಾವುಪೆಟ್ಟಿಗೆಗೆ ಕಂಬಳಿ ಹೊದಿಸಿ, ಪಕ್ಕಕ್ಕೆ ಬಿಸಿನೀರಿನ ಸೀಸೆ ಮಲಗಿಸಿ, ಎಳೆಗೂಸಿನಂತೆ ನೋಡಿಕೊಳ್ಳುತ್ತಿದ್ದಳು. ಅವನು ಬಾಗಿಲ ಚಿಲಕವನ್ನೂ ಕಾಗದದಲ್ಲಿ ಹಿಡಿದೇ ತೆರೆಯುತ್ತಿದ್ದ. ಊಟ, ನೀರು ಎಲ್ಲ ಮನೆಯಿಂದಲೇ. ಮಕ್ಕಳು ಅವನಿಗೆ 'ಮೂಗುಬಟ್ಟೆ ಮಾಮ' ಎಂದು ಹೆಸರಿಟ್ಟಿದ್ದರು.

"ಕಾಲೇಜಲ್ಲಿದ್ದಾಗ ಇದೇ ಜ್ವರ ನನ್ನನ್ನ ತಿಂಗಳು ಮಲಗಿಸಿತ್ತು," ಎಂದಿದ್ದ ಒಮ್ಮೆ. "ಅವತ್ತಿಂದ ಕೊಳಕು ಕಂಡ್ರೆ ಮೈ ಉರಿಯುತ್ತೆ. ಆಮೇಲೆ ನನಗೊಂದು ನೆಗಡಿಯೂ ಬಂದಿಲ್ಲ, ನೋಡಿ."

ಅಡುಗೆಯಾಕೆ, ಆಯಾ, ಶಿಕ್ಷಕಿ, ಗುಡಿಸುವಾಕೆ, ಮಕ್ಕಳು, ಕೊನೆಗೆ ಸಹಾಯಕಿಯನ್ನೂ ಬಿಡದೆ ಎಲ್ಲರ ಮಲ ತರಿಸಿ ಪರೀಕ್ಷಿಸಿದ. ಒಬ್ಬರಲ್ಲೂ ಏನೂ ಸಿಗಲಿಲ್ಲ.

"ಅದು ದಿನಾ ಹೊರಗೆ ಬರಲ್ಲ, ಅಡಗಿ ಕೂತಿರುತ್ತೆ," ಎಂದು, ಅಡುಗೆಯಾಕೆಯನ್ನು ಕೆಲಸದಿಂದ ತೆಗೆಯುವಂತೆ ಕಾಗದ ಬರೆದ.

ಸುದ್ದಿ ಕಾಗದಕ್ಕಿಂತ ಮುಂಚೆ ಹೊರಟಿತ್ತು. ತಾಯಂದಿರು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸತೊಡಗಿದರು. ಅಡುಗೆಯಾಕೆಯ ಮಗಳು ಒಬ್ಬಳೇ ಮೂಲೆಯಲ್ಲಿ ಕೂತು ಅಮ್ಮ ಬಡಿಸಿದ್ದನ್ನು ಉಂಡಳು.

"ಆ ಕಾಗದ ಹೋದ್ರೆ ಯಾವ ಅಡುಗೆಮನೆಯೂ ನನ್ನನ್ನ ಹೊಸಿಲು ದಾಟಿಸಲ್ಲ ಸ್ವಾಮಿ," ಎಂದಳು ಅಡುಗೆಯಾಕೆ. ಅವನು ಅವಳ ಉಗುರುಗಳನ್ನೇ ನೋಡುತ್ತಿದ್ದ. ಅವನ್ನು ಅವಳು ಅವನವಕ್ಕಿಂತ ಚಿಕ್ಕದಾಗಿ ಕತ್ತರಿಸಿಕೊಂಡಿದ್ದಳು. "ಒಂದು ಕೆಲಸ ಮಾಡಿ. ಗುಂಡಿ ತೊಳೆಸಿ. ಮಕ್ಕಳಿಗೂ ಉಳಿದವರಿಗೂ ರಜೆ ಕೊಡಿಸಿ. ನಾನು ಪಕ್ಕದ ಊರಲ್ಲಿ ಅಕ್ಕನ ಮನೇಲಿ ಇರ್ತೀನಿ, ದಿನಕ್ಕೆರಡು ಸಲ ಅಲ್ಲಿನ ದವಾಖಾನೆಗೆ ಹೋಗಿ ಮುಖ ತೋರಿಸ್ತೀನಿ. ಆಮೇಲೆ ನಿಮ್ಮ ದಾರ ಇಳಿಬಿಡಿ. ಕಪ್ಪು ಬರದಿದ್ರೆ ನಾನೇ ಪಾಪಿ, ಸೌಟು ಕೆಳಗಿಡ್ತೀನಿ."

ಅಧಿಕಾರಿ ಒಪ್ಪಿದ. ಅವನಿಗೆ ಬೇಕಿದ್ದ ಸಾಕ್ಷಿಯೂ ಅದೇ. ಗುಂಡಿಗೆ ಮೂಟೆಗಟ್ಟಲೆ ಬ್ಲೀಚಿಂಗ್ ಪುಡಿ ಸುರಿಸಿ, ಕೊಳವೆಯನ್ನು ಬಿಸಿನೀರಿನಿಂದ ತೊಳೆಸಿದ. ಹೊಸ ಬಟ್ಟೆ ಕಟ್ಟಿಸಿದ.

"ನೀವೂ ಬರಬೇಡಿ," ಎಂದ ಸಹಾಯಕಿಗೆ. "ಅವಳಿಗೂ ನಿಮಗೂ ಸಲಿಗೆ ಜಾಸ್ತಿ. ಪೆಟ್ಟಿಗೇಲಿರೋ ಬೇರೆ ಗುಂಡಿಗಳ ತಟ್ಟೆ ನಾನೇ ಕಾಯ್ತೀನಿ."

"ಕಂಬಳಿ ಹೊದಿಸೋದು ಮರೀಬೇಡಿ ಸರ್."

ನಾಲ್ಕು ದಿನ ಬೆಳಗಿನಿಂದ ಸಂಜೆಯವರೆಗೆ ಅವನೊಬ್ಬನೇ ಒಳಗೆ. ಹೋಗುವಾಗ ಗೇಟಿಗೆ ಎರಡೆರಡು ಬೀಗ. ಐದನೆಯ ದಿನ ಸಹಾಯಕಿ ಬಂದು ಬಟ್ಟೆ ಮೇಲೆಳೆದಳು. ಸಾರದಲ್ಲಿ ನೆನೆಸಿ, ತಟ್ಟೆಗೆ ಹಚ್ಚಿ, ಎರಡು ದಿನ ಕಾದರು.

ಅಡುಗೆಯಾಕೆ ಮಗಳ ಕೈ ಹಿಡಿದು ಉಗ್ರಾಣದ ಬಾಗಿಲಲ್ಲಿ ನಿಂತಿದ್ದಳು. ಅಧಿಕಾರಿ ಪೆಟ್ಟಿಗೆ ತೆರೆದು ತಟ್ಟೆಯನ್ನು ಬೆಳಕಿಗೆ ಹಿಡಿದ.

ತಟ್ಟೆಯ ತುಂಬ ಕಪ್ಪು.

ಅಡುಗೆಯಾಕೆ ಉಸಿರು ಬಿಟ್ಟು ಗೋಡೆಗೆ ಒರಗಿದಳು.

"ಗೋಡೆ ಹಾರಿ ಬಂದಿದ್ದಾಳೆ," ಎಂದ ಅವನು. ಕರವಸ್ತ್ರದ ಹಿಂದೆ ಅವನ ಮುಖ ಹುಳಿ ಕುಡಿದಂತಾಗಿತ್ತು. "ಥೂ, ಎಂಥ ಅಸಹ್ಯ. ಯಾರದ್ದೋ ಏನೋ, ಇಷ್ಟು ದಿನ ನಮ್ಮ ಪಕ್ಕದಲ್ಲೇ..."

ಸಹಾಯಕಿ ದವಾಖಾನೆಯ ಚೀಟಿಯನ್ನು ಮೇಜಿನ ಮೇಲಿಟ್ಟಳು. ದಿನಕ್ಕೆ ಎರಡರಂತೆ ಎಂಟು ಸಹಿ. ತಟ್ಟೆಯನ್ನು ಅವನ ಕೈಯಿಂದ ಮೆಲ್ಲನೆ ತೆಗೆದುಕೊಂಡು ಮುಚ್ಚಳ ಹಾಕಿದಳು.

"ಸರ್," ಎಂದಳು, ಜ್ವರದ ಮಗುವಿನ ಹತ್ತಿರ ಮಾತಾಡುವ ದನಿಯಲ್ಲಿ, "ಆ ನಾಲ್ಕು ದಿನ ಇಲ್ಲಿನ ಕಕ್ಕಸಿಗೆ ಹೋದವರು ನೀವೊಬ್ಬರೇ."